ಇಲ್ಲಿ ಇರಬೇಡಿ

2019ರ ಮೇ ತಿಂಗಳಲ್ಲಿ ಟೋಕಿಯೋದ ಪೂರ್ವ ತುದಿಯ ಎದೊಗಾವಾ ವಾರ್ಡಿನ ಆಡಳಿತ ಹೊಸ ಪ್ರವಾಹ ನಕ್ಷೆಯ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿ ತನ್ನ ನಿವಾಸಿಗಳಿಗೆ ಹಂಚಿತು. ಮುಖಪುಟದಲ್ಲಿ ವಾರ್ಡಿನ ಭೂಪಟ, ಅದರ ಮೇಲೆ ಒಂದೇ ಮಾತು: "ಇಲ್ಲಿ ಇರಬೇಡಿ." ಒಳಪುಟ ತಿರುವಿದರೂ ಸಮಾಧಾನ ಸಿಗುವುದಿಲ್ಲ. ವಾರ್ಡಿನ ಶೇಕಡಾ 70ರಷ್ಟು ನೆಲ ಉಬ್ಬರದ ಹೊತ್ತಿನ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಆ ಕಡೆ ಅರಕಾವಾ ನದಿ, ಈ ಕಡೆ ಎದೊಗಾವಾ ನದಿ, ದಕ್ಷಿಣಕ್ಕೆ ಟೋಕಿಯೋ ಕೊಲ್ಲಿ. ಏರಿ ಒಡೆದು ನೀರು ನುಗ್ಗಿದರೆ ಇಳಿದು ಹೋಗಲು ಜಾಗವಿಲ್ಲ, ಒಂದೆರಡು ವಾರ ಹಾಗೇ ನಿಂತಿರಬಹುದು. ಆದ್ದರಿಂದ ದೊಡ್ಡ ಮಳೆಯ ಸೂಚನೆ ಸಿಕ್ಕ ಕೂಡಲೇ ವಾರ್ಡು ಬಿಟ್ಟು ನೆಂಟರ ಮನೆಗೋ ಸ್ನೇಹಿತರ ಮನೆಗೋ ಹೊರಟುಬಿಡಿ ಎಂಬುದು ಅದರ ತಾತ್ಪರ್ಯ. ಇದೇ ವಾರ್ಡಿನಲ್ಲಿರುವ ನಮಗೆ ಅತ್ಯಂತ ಹತ್ತಿರದ ನೆಂಟರು ದಾವಣಗೆರೆಯಲ್ಲಿದ್ದಾರೆ.

ಜಪಾನಿನ ಪತ್ರಿಕೆಗಳಲ್ಲೂ ಆ ಮುಖಪುಟದ ಬಗ್ಗೆ ಚರ್ಚೆಯಾಯಿತು. ನನಗಂತೂ ಅದು ಹಿಡಿಸಿತು. ನಮ್ಮ ಕಡೆ ರಾಜಕಾಲುವೆಯ ಮೇಲೆ ಮನೆ ಕಟ್ಟಿದವನಿಗೂ ಖಾತೆ ಮಾಡಿಕೊಡುತ್ತಾರೆ, ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ನೀರು ನುಗ್ಗಿದ ದಿನ ಸಾಹೇಬರು ದೋಣಿಯಲ್ಲಿ ಬಂದು ಕೈಬೀಸುತ್ತಾರೆ. ತೆರಿಗೆ ಕಟ್ಟಿಸಿಕೊಳ್ಳುವ ಕಚೇರಿಯೇ ಮುಂಚಿತವಾಗಿ, ಅದೂ ಬಣ್ಣದ ಮುದ್ರಣದಲ್ಲಿ, ಇದು ಇರುವ ಜಾಗವಲ್ಲ ಎಂದು ಒಪ್ಪಿಕೊಂಡಿದ್ದನ್ನು ನಾನು ಮೊದಲು ಕಂಡದ್ದು ಇಲ್ಲಿಯೇ.

ವಿಚಿತ್ರವೆಂದರೆ ಜಪಾನಿನ ಭಾರತೀಯರು ಬೇರೆಲ್ಲೂ ಜಾಗವಿಲ್ಲವೆಂಬಂತೆ ಬಂದು ಸೇರಿಕೊಂಡಿರುವುದು ಇದೇ ವಾರ್ಡಿನ ನಿಶಿಕಸಾಯಿಯಲ್ಲಿ. 2000ನೇ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರುಗಳ ತಾರೀಖು ಸರಿಪಡಿಸಲೆಂದು ಬಂದ ಇಂಜಿನಿಯರುಗಳು ತೋಜೈ ಮೆಟ್ರೊ ಲೈನು ಹಿಡಿದರೆ ನೇರ ಆಫೀಸಿನ ಬಾಗಿಲು ಎಂಬ ಒಂದೇ ಲೆಕ್ಕದಲ್ಲಿ ಇಲ್ಲಿ ಮನೆ ಮಾಡಿದರು. ಒಬ್ಬ ಬಂದ, ಅವನ ಹಿಂದೆ ಹತ್ತು ಜನ ಬಂದರು, ಅವರ ಹಿಂದೆ ತೊಗರಿಬೇಳೆ ಬಂತು. ಈಗ ಸಾಸಿವೆ, ಕರಿಬೇವು, ಇಡ್ಲಿ ರವೆ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ ಸಿಗುತ್ತವೆ. ಕರಿಬೇವು ಸಿಗುವ ಜಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆಯೋ ಮೇಲಿದೆಯೋ ಎಂದು ಯಾವ ಕನ್ನಡಿಗನೂ ಕೇಳುವುದಿಲ್ಲ.

ಅರಕಾವಾ ನದಿಯ ಈ ಕೊನೆಯ ಭಾಗ ನಿಜವಾಗಿ ನದಿಯೇ ಅಲ್ಲ, ಮನುಷ್ಯರು ತೋಡಿದ ಕಾಲುವೆ. 1910ರ ಮಹಾಪೂರದಲ್ಲಿ ಟೋಕಿಯೋದ ತಗ್ಗು ಪ್ರದೇಶವೆಲ್ಲ ಮುಳುಗಿದ ಮೇಲೆ ಕೈಗೆತ್ತಿಕೊಂಡ ಕೆಲಸ 1930ರಲ್ಲಿ ಮುಗಿಯಿತು. ಅದರ ಹೊಣೆ ಹೊತ್ತವರಲ್ಲಿ ಮುಖ್ಯರಾದ ಅಒಯಾಮಾ ಅಕಿರಾ ಪನಾಮಾ ಕಾಲುವೆಯಲ್ಲಿ ದುಡಿದು ಕಲಿತು ಬಂದವರು. ಆ ಮಹಾಪೂರಕ್ಕೆ ಎರಡು ವರ್ಷ ಮೊದಲು, 1908ರಲ್ಲಿ, ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತ್ತು. ಅದಕ್ಕೆ ಮದ್ದು ಹೇಳಲು ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು 1898ರಲ್ಲೇ ಜಪಾನ್ ಸುತ್ತಿ ಹೋಗಿದ್ದರು. ಸಂಜೆ ಏರಿಯ ಮೇಲೆ ವಾಕಿಂಗ್ ಹೋಗುವಾಗ ನನಗೆ ಇಬ್ಬರೂ ನೆನಪಾಗುತ್ತಾರೆ. ಏರಿಯ ಒಂದು ಬದಿಗೆ ನದಿ ಹರಿಯುತ್ತಿರುತ್ತದೆ, ಇನ್ನೊಂದು ಬದಿಗೆ ಅದಕ್ಕಿಂತ ತಗ್ಗಿನಲ್ಲಿ ನಮ್ಮ ಮನೆಯ ಬೀದಿ ಕಾಣುತ್ತದೆ. ಹಾಗೆ ನೋಡುತ್ತ ನಡೆದರೆ ಇಂಜಿನಿಯರುಗಳ ಮೇಲೆ ಭಕ್ತಿ ತಾನಾಗಿ ಹುಟ್ಟುತ್ತದೆ.

ಮನೆ ಹುಡುಕುವಾಗ ನಾವು ಏಜೆಂಟನನ್ನು ಕೇಳಿದ ಮೊದಲ ಪ್ರಶ್ನೆ ಬಾಗಿಲು ಪೂರ್ವಕ್ಕಿದೆಯಾ ಎಂದು. ದಾವಣಗೆರೆಯಿಂದ ಅಮ್ಮನ ಅಪ್ಪಣೆಯಾಗಿತ್ತು. ಅವನು ವಿನಯದಿಂದ ದಿಕ್ಸೂಚಿ ನೋಡಿ ಹೌದು ಎಂದ. ಆಮೇಲೆ ಅವನೇ, ನಾವು ಕೇಳದಿದ್ದರೂ, ಕಟ್ಟಡ 1981ರ ನಂತರದ್ದು ಎಂದು ಎರಡು ಸಲ ಹೇಳಿದ. ಜಪಾನಿನ ವಾಸ್ತುಶಾಸ್ತ್ರ ಇಷ್ಟೇ. 1978ರ ಮಿಯಾಗಿ ಭೂಕಂಪದ ಪಾಠ ಕಲಿತು 1981ರ ಜೂನ್‌ನಲ್ಲಿ ಹೊಸ ಕಟ್ಟಡ ನಿಯಮ ತಂದರು. ದೊಡ್ಡ ಕಂಪನಕ್ಕೆ ಕಟ್ಟಡ ಬಿರುಕು ಬಿಡಬಹುದು, ಒಳಗಿದ್ದವರ ಮೇಲೆ ಕುಸಿಯಕೂಡದು ಎಂಬುದು ಅದರ ಸಾರ. 1995ರಲ್ಲಿ ಕೋಬೆ ನಗರ ನಡುಗಿದಾಗ ಉರುಳಿದವುಗಳಲ್ಲಿ ಬಹುಪಾಲು ಅದಕ್ಕಿಂತ ಹಳೆಯವು. ಕುಬೇರ ಮೂಲೆ, ಅಗ್ನಿ ಮೂಲೆಗಳ ಪಂಡಿತರು ಈ ಒಂದು ಇಸವಿಯನ್ನು ತಮ್ಮ ಶಾಸ್ತ್ರಕ್ಕೆ ಸೇರಿಸಿಕೊಂಡರೆ ಒಳ್ಳೆಯದು.

ಟೋಕಿಯೋದ ಅಡಿಯಲ್ಲಿ ಮುಂದಿನ 30 ವರ್ಷದೊಳಗೆ 7ರ ಆಸುಪಾಸಿನ ಭೂಕಂಪವಾಗುವ ಸಾಧ್ಯತೆ ಶೇಕಡಾ 70 ಎಂದು ಸರ್ಕಾರದ ತಜ್ಞರ ಸಮಿತಿ ಹೇಳುತ್ತದೆ. ಬ್ಯಾಂಕಿನವರು ಮನೆ ಸಾಲವನ್ನು 35 ವರ್ಷಕ್ಕೆ ಕೊಡುತ್ತಾರೆ. ಈ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸಹಿ ಹಾಕುವ ಧೈರ್ಯ ನನಗಿಲ್ಲ. ಅದಕ್ಕೇ ಬಾಡಿಗೆ ಮನೆಯಲ್ಲಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಜಪಾನಿನವರು ಸಹಿ ಹಾಕಿ, ಸಂಜೆ ಹೊರಗೆ ಊಟ ಮಾಡಿ, ಮಾರನೆಯ ದಿನ ಕಪಾಟು ಅಲುಗದಂತೆ ಸೂರಿಗೆ ಒತ್ತುಕೊಡುವ ಕಂಬ ತಂದು ನಿಲ್ಲಿಸುತ್ತಾರೆ.

ಭೂಕಂಪವನ್ನು ಅಳೆಯಲು ಇಲ್ಲಿ ಎರಡು ಅಳತೆಗಳಿವೆ. ಒಂದು ಪ್ರಪಂಚಕ್ಕೆಲ್ಲ ಗೊತ್ತಿರುವ ಮ್ಯಾಗ್ನಿಟ್ಯೂಡ್, ಭೂಮಿಯೊಳಗೆ ಬಿಡುಗಡೆಯಾದ ಶಕ್ತಿಯ ಲೆಕ್ಕ. ಇನ್ನೊಂದು ಶಿಂದೊ: ನೀವು ನಿಂತಿರುವ ಜಾಗ ಎಷ್ಟು ಅಲುಗಿತು ಎಂಬ ಲೆಕ್ಕ. ಸೊನ್ನೆಯಿಂದ ಏಳರವರೆಗೆ, ನಡುವೆ ಐದು ಮತ್ತು ಆರಕ್ಕೆ ಕೆಳಗಿನದು ಮೇಲಿನದು ಎಂದು ಎರಡೆರಡು ಮೆಟ್ಟಿಲು, ಒಟ್ಟು ಹತ್ತು. ಜನ ಆಡುವುದೆಲ್ಲ ಶಿಂದೊದಲ್ಲಿ. ಮೀಟಿಂಗಿನ ನಡುವೆ ಕಿಟಕಿ ಗಡಗಡ ಎಂದಿತೆನ್ನಿ. ಮಾತಾಡುತ್ತಿರುವವರು ನಿಲ್ಲಿಸುತ್ತಾರೆ. ಒಬ್ಬರು "ಎರಡು" ಎನ್ನುತ್ತಾರೆ, ಇನ್ನೊಬ್ಬರು "ಇಲ್ಲ, ಮೂರಕ್ಕೆ ಮೋಸವಿಲ್ಲ" ಎನ್ನುತ್ತಾರೆ. ಒಂದೆರಡು ನಿಮಿಷದಲ್ಲಿ ಟಿವಿಯಲ್ಲಿ, ಫೋನಿನಲ್ಲಿ ಊರೂರಿನ ಅಂಕೆಗಳು ಬರುತ್ತವೆ. ಮೂರು ಎಂದವರು ಸರಿಯಾಗಿದ್ದರೆ ಮುಖದಲ್ಲಿ ಸಣ್ಣ ಗೆಲುವು. ಮೀಟಿಂಗ್ ಮುಂದುವರಿಯುತ್ತದೆ.

ಮೂರನೆಯ ಅಳತೆ ನಮ್ಮ ಸೋದರಮಾವನದು. ಕಂಪನ ದೂರ ಹೋದಷ್ಟೂ ಕ್ಷೀಣಿಸುತ್ತದೆ ಎನ್ನುವುದು ಭೂವಿಜ್ಞಾನ. ಭಯ ಮಾತ್ರ ದೂರ ಹೋದಷ್ಟೂ ಬಲಿಯುತ್ತ, ದಾವಣಗೆರೆ ಮುಟ್ಟುವ ಹೊತ್ತಿಗೆ ಪೂರ್ತಿ ಬೆಳೆದಿರುತ್ತದೆ. ಇದಕ್ಕೆ ನಡುವೆ ಇರುವ ಟಿವಿಯ ಕೊಡುಗೆ ದೊಡ್ಡದು. 2024ರ ಜನವರಿ 1ರ ಸಂಜೆ 4 ಗಂಟೆ 10 ನಿಮಿಷಕ್ಕೆ ನೊತೊ ಪರ್ಯಾಯ ದ್ವೀಪದಲ್ಲಿ 7.6ರ ಭೂಕಂಪವಾಯಿತು. ಅದು ನಿಜಕ್ಕೂ ದೊಡ್ಡ ದುರಂತ: ವಾಜಿಮಾ ಊರಿನ ಹಳೆಯ ಪೇಟೆ ಸುಟ್ಟುಹೋಯಿತು, 200ಕ್ಕೂ ಹೆಚ್ಚು ಜನ ಸತ್ತರು. ಯಾವಾಗಲೂ ತಗ್ಗಿದ ಸ್ವರದಲ್ಲಿ ಸುದ್ದಿ ಓದುವ ಎನ್‌ಎಚ್‌ಕೆ ವಾಹಿನಿಯ ವಾರ್ತಾವಾಚಕಿ ಸುನಾಮಿ ಬರುತ್ತಿದೆ, ಈಗಲೇ ಓಡಿ ಎಂದು ಗಂಟಲು ಹರಿಯುವಂತೆ ಕೂಗಿದರು. 2011ರ ಮಹಾ ಸುನಾಮಿಯ ಹೊತ್ತಿನಲ್ಲಿ ಸಮಾಧಾನದ ದನಿಯಲ್ಲಿ ಕೊಟ್ಟ ಎಚ್ಚರಿಕೆಗೆ ಜನ ಸಮಾಧಾನದಿಂದಲೇ ಕೂತುಬಿಟ್ಟರು ಎಂದು ಆಮೇಲೆ ಬದಲಿಸಿಕೊಂಡ ಕ್ರಮ ಇದು. ಟೋಕಿಯೋದ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲಿನ ತೂಗುದೀಪ ಆರಾಮವಾಗಿ ಓಲಾಡಿತು, ಅಷ್ಟೆ. ಅದು ನಿಲ್ಲುವುದರೊಳಗೆ ಫೋನು ಬಂತು.

"ಏನ್ ಅಳಿಯಾ, ಅದೀಯೇನಪಾ?"

ಕೂಗಬೇಕಾದವರು ಕೂಗಿದ್ದರು, ಸರಿ. ಮಾವ ನೋಡುತ್ತಿದ್ದ ಕನ್ನಡ ವಾಹಿನಿಯವರು ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಕೂಗುತ್ತಿದ್ದರು. ಪರದೆಯ ತುಂಬ ಕೆಂಪು ಅಕ್ಷರ, ಕೆಳಗೆ ಯಾವುದೋ ಸಿನಿಮಾದಿಂದ ತೆಗೆದಂತಿದ್ದ ಅಲೆ, ಹಿನ್ನೆಲೆಯಲ್ಲಿ ನಗಾರಿ. ನಾನು ಇರುವ ಊರಿಗೂ ನೊತೊಗೂ ಎಷ್ಟು ದೂರ ಎಂದು ಮಾವನಿಗೆ ವಿವರಿಸಿದೆ. ಅವನು ನಂಬಲಿಲ್ಲ. "ನಾನು ಟಿವೀಲಿ ನೋಡ್ತಾ ಇದೀನಿ, ನೀನು ಅಲ್ಲೇ ಇದ್ದು ಏನು ಕಾಣ್ತೀಯೋ!" ಎಂದ. ಈ ಮಾತಿಗೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ.

ಎಚ್ಚರಿಕೆಯ ಸದ್ದಿನ ಬಗ್ಗೆ ಹೇಳಬೇಕು. ನೆಲದೊಳಗಿನಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಪಿ ಅಲೆ ವೇಗದ್ದು, ನಿರಪಾಯಿ. ದಿಬ್ಬಣಕ್ಕಿಂತ ಮುಂದೆ ಓಡಿ ಬಂದು ಬೀಗರು ಬಂದರು ಎಂದು ಸಾರುವ ಹುಡುಗನಿದ್ದಂತೆ. ಹಿಂದೆ ಬರುವ ಎಸ್ ಅಲೆ ನಿಧಾನದ್ದು, ಕಪಾಟು ಬೀಳಿಸುವುದು ಅದು. ನೆಲದಲ್ಲಿ ಹೂತಿಟ್ಟ ಯಂತ್ರಗಳು ಆ ಹುಡುಗನನ್ನು ಹಿಡಿದು ಕೇಳಿ, ಬೀಗರು ಬರುವುದರೊಳಗೆ ದೇಶಕ್ಕೆ ತಿಳಿಸುತ್ತವೆ. 2007ರ ಅಕ್ಟೋಬರ್‌ನಿಂದ ಈ ವ್ಯವಸ್ಥೆ ಜನಸಾಮಾನ್ಯರಿಗೂ ಸಿಕ್ಕಿದೆ. ಸಿಗುವ ಸಮಯ ಕೆಲವು ಸೆಕೆಂಡು, ಅದೃಷ್ಟವಿದ್ದರೆ ಇನ್ನೂ ಸ್ವಲ್ಪ. ಒಲೆ ಆರಿಸಿ ಮೇಜಿನ ಕೆಳಗೆ ನುಗ್ಗಲು ಸಾಕು. ಚಪ್ಪಲಿ ಯಾವುದು ಹಾಕಿಕೊಳ್ಳಲಿ ಎಂದು ಯೋಚಿಸಲು ಸಾಲದು. ಎನ್‌ಎಚ್‌ಕೆ ವಾಹಿನಿಯಲ್ಲಿ ಆಗ ಬಾರಿಸುವ ಗಂಟೆಯ ನಾದವನ್ನು ಹೊಂದಿಸಿದವರು ಇಫುಕುಬೆ ತೊರು ಎಂಬ ವಿಜ್ಞಾನಿ. ಬೆಚ್ಚಿಬೀಳಿಸಬಾರದು, ಆದರೆ ಕೂತವರು ಏಳಬೇಕು, ಕಿವಿ ಮಂದವಾದ ಮುದುಕರಿಗೂ ಕೇಳಿಸಬೇಕು: ಇಷ್ಟು ಷರತ್ತು. ಅವರು ತಮ್ಮ ತಂದೆಯ ಸಹೋದರ, ಸಂಗೀತಕಾರ ಇಫುಕುಬೆ ಅಕಿರಾ ಅವರ ಸಿಂಫನಿಯೊಂದರ ಸ್ವರಮೇಳದಿಂದ ಅದನ್ನು ಎತ್ತಿಕೊಂಡರು. ಈ ಅಕಿರಾ ಯಾರೆಂದರೆ, ಟೋಕಿಯೋವನ್ನು ತುಳಿದು ಹಾಕುವ ಗಾಡ್ಜಿಲಾ ಸಿನಿಮಾಕ್ಕೆ ಸಂಗೀತ ಕೊಟ್ಟವರು. ಒಂದೇ ಮನೆತನ ಈ ನಗರವನ್ನು ಎರಡು ಬಗೆಯಲ್ಲಿ ನಡುಗಿಸಿದೆ.

ಆ ಸದ್ದು ಬಿಟ್ಟರೆ ದಿನವೂ ಕೇಳುವ ಇನ್ನೊಂದಿದೆ. ಸಂಜೆ ಐದಕ್ಕೆ, ಚಳಿಗಾಲದಲ್ಲಿ ಸ್ವಲ್ಪ ಬೇಗ, ಬೀದಿಯ ಕಂಬದ ಮೇಲಿನ ಧ್ವನಿವರ್ಧಕಗಳಿಂದ 'ಯೂಯಾಕೆ ಕೊಯಾಕೆ' ಎಂಬ ಹಳೆಯ ಮಕ್ಕಳ ಹಾಡಿನ ರಾಗ ಹೊರಡುತ್ತದೆ. ಹೊಸದಾಗಿ ಬಂದವರು ಮಕ್ಕಳನ್ನು ಮನೆಗೆ ಕರೆಯುವ ಹಾಡು ಎಂದುಕೊಂಡು ಮೆಚ್ಚುತ್ತಾರೆ, ಅದೂ ನಿಜವೇ. ಅದರೊಂದಿಗೆ ಆಪತ್ತಿನ ದಿನ ಕೂಗಬೇಕಾದ ಯಂತ್ರ ಇವತ್ತು ಸರಿಯಾಗಿದೆಯೇ ಎಂದು ದಿನವೂ ಪರೀಕ್ಷೆಯೂ ನಡೆಯುತ್ತಿರುತ್ತದೆ. ನಮ್ಮೂರಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಸೈರನ್ನಿಗೆ ಗಡಿಯಾರ ಹೊಂದಿಸುತ್ತಿದ್ದರು ಎಂದು ಅಮ್ಮ ಹೇಳುತ್ತಾಳೆ. ಇಲ್ಲಿ ಆ ರಾಗ ಕೇಳಿದ ಕೂಡಲೇ ನನ್ನ ಹೆಂಡತಿ ಕುಕ್ಕರ್ ಇಡುತ್ತಾಳೆ.

ಅವಳು ತೀರ್ಥಹಳ್ಳಿ ಕಡೆಯವಳು. ಇದನ್ನು ಹೇಳಲು ಕಾರಣವಿದೆ. ಪ್ರತಿ ಮನೆಯಲ್ಲೂ ಒಬ್ಬೊಬ್ಬರಿಗೆ ದಿನಕ್ಕೆ 3 ಲೀಟರ್‌ನಂತೆ ಕಡೇಪಕ್ಷ ಮೂರು ದಿನಕ್ಕಾಗುವ, ಸಾಧ್ಯವಾದರೆ ಒಂದು ವಾರಕ್ಕಾಗುವ ನೀರು, ಒಲೆ ಹಚ್ಚದೆ ತಿನ್ನಬಹುದಾದ ಆಹಾರ, ಟಾರ್ಚು, ಔಷಧಿ, ಬಳಸಿ ಬಿಸಾಡುವ ಶೌಚದ ಚೀಲ ಇವೆಲ್ಲ ಇರಬೇಕೆಂಬುದು ಇಲ್ಲಿನ ಉಪದೇಶ. ದಾಸ್ತಾನು ಹಳೆಯದಾಗದಂತೆ ಹಳತನ್ನು ಮೊದಲು ಬಳಸಿ ಅಷ್ಟೇ ಹೊಸತನ್ನು ಸೇರಿಸುತ್ತ ಹೋಗಬೇಕು. ಇದನ್ನು ವಾರ್ಡಿನ ಸಭೆಯಲ್ಲಿ ಚಿತ್ರ ಬರೆದು ವಿವರಿಸುತ್ತಿದ್ದಾಗ ನಾನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಅವಳು ಆಕಳಿಸಿದಳು. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಅಟ್ಟಕ್ಕೇರಿಸಿ, ಮಿಡಿ ಉಪ್ಪಿನಕಾಯಿ ಭರಣಿಗೆ ತುಂಬಿ, ಹೊಳೆ ಬಂದು ದಾರಿ ಕಟ್ಟಾದರೂ ಒಂದು ತಿಂಗಳು ನಿಶ್ಚಿಂತೆಯಿಂದಿರುವುದು ಮಲೆನಾಡಿನಲ್ಲಿ ಅಜ್ಜಿಯರ ವಿದ್ಯೆ. ಬಯಲುಸೀಮೆಯ ನನಗೂ ಒಂದು ವಿದ್ಯೆ ಬರುತ್ತಿತ್ತು. ನಲ್ಲಿಯಲ್ಲಿ ಯಾವತ್ತು ನೀರು ಬರುತ್ತದೋ ತಿಳಿಯದ ಊರಿನಲ್ಲಿ ಬೆಳೆದವನಾದ್ದರಿಂದ ಬಕೆಟ್ಟು, ಕೊಡ, ಕೊನೆಗೆ ಪಾತ್ರೆಗಳನ್ನೂ ತುಂಬಿಸಿಟ್ಟುಕೊಳ್ಳುವುದು ರಕ್ತದಲ್ಲೇ ಇದೆ. ಇಲ್ಲಿನವರು ಸ್ನಾನದ ತೊಟ್ಟಿಯಲ್ಲಿ ನೀರು ಉಳಿಸಿಟ್ಟಿರಿ ಎಂದು ಹೇಳಿಕೊಡುತ್ತಾರೆ. ನನಗೆ ಹೇಳಿಕೊಡಬೇಕೆ?

ಆಹಾರದ ವಿಷಯದಲ್ಲಿ ಮಾತ್ರ ಸ್ವಲ್ಪ ತಕರಾರು. ಆಪತ್ಕಾಲಕ್ಕೆಂದು ಮಾರುವ ಡಬ್ಬಿ ಬಿಸ್ಕತ್ತು ಕಾನ್‌ಪಾನ್ ಬಹಳ ಗಟ್ಟಿ. ಅದರ ಜೊತೆ ಬಣ್ಣದ ಸಕ್ಕರೆಯುಂಡೆಗಳನ್ನೂ ಇಟ್ಟಿರುತ್ತಾರೆ, ಬಾಯಲ್ಲಿ ಜೊಲ್ಲೂರಲಿ ಎಂದು. ತಯಾರಿಸಿದವರೇ ಒಪ್ಪಿಕೊಂಡ ಮೇಲೆ ನಾವು ಇನ್ನೇನು ಹೇಳುವುದು. ಇನ್ನೊಂದು ಆಲ್ಫಾ ಅಕ್ಕಿ: ಅನ್ನ ಮಾಡಿ ಒಣಗಿಸಿ ಪೊಟ್ಟಣಕ್ಕೆ ತುಂಬಿದ್ದು. ಬಿಸಿನೀರು ಹಾಕಿದರೆ ಕಾಲು ಗಂಟೆ, ತಣ್ಣೀರಾದರೆ ಒಂದು ಗಂಟೆಯಲ್ಲಿ ಅನ್ನವಾಗುತ್ತದೆ, ಐದು ವರ್ಷ ಕೆಡುವುದಿಲ್ಲ. ಸಭೆಯಲ್ಲಿ ಎಲ್ಲರೂ ಬೆರಗಿನಿಂದ ನೋಡುತ್ತಿದ್ದಾಗ ನನ್ನ ಹೆಂಡತಿ ಮೆಲ್ಲಗೆ "ಅವಲಕ್ಕಿ" ಎಂದಳು. ಅವಳ ಮಾತು ಶಾಸ್ತ್ರೋಕ್ತವಾಗಿಯೇ ಇದೆ. ಭತ್ತವನ್ನು ನೆನೆಸಿ, ಹುರಿದು, ಕುಟ್ಟುವಾಗಲೇ ಅರ್ಧ ಬೆಂದಿರುತ್ತದೆ. ತೆಳು ಅವಲಕ್ಕಿಗೆ ಒಂದು ಗಂಟೆ ಏಕೆ, ಎರಡು ನಿಮಿಷ ಸಾಕು, ನೀರೂ ಚಿಮುಕಿಸುವಷ್ಟೇ. ಅದೂ ಅಲ್ಲದೆ ಜಪಾನಿನ ಪೊಟ್ಟಣದ ಅನ್ನದಲ್ಲಿ ತರಕಾರಿಯ ಚಿತ್ರವಿದ್ದರೂ ಎಷ್ಟೋ ಸಲ ಒಳಗೆ ಮೀನಿನ ಸಾರು ಹೊಕ್ಕಿರುತ್ತದೆ. ಆದ್ದರಿಂದ ನಮ್ಮ ಆಪತ್ತಿನ ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ಬೆಲ್ಲ, ಹುರಿಗಡಲೆ ಇವೆ. ಇದನ್ನು ಕೇಳಿ ಮಾವ ದಾವಣಗೆರೆಯಿಂದ ಒಂದು ಮೂಟೆ ಮಂಡಕ್ಕಿ ಕಳಿಸುತ್ತೇನೆಂದ. ತೂಕದಲ್ಲಿ ಮಂಡಕ್ಕಿಯಷ್ಟು ಅನುಕೂಲ ಯಾವುದೂ ಇಲ್ಲ, ನಿಜ. ಆದರೆ ಅದನ್ನಿಟ್ಟರೆ ನಾವು ಮನೆಯ ಹೊರಗೆ ಮಲಗಬೇಕು.

ಫೋನಿನ ಕಂಬಗಳೆಲ್ಲ ಕಿಕ್ಕಿರಿದು ಯಾರಿಗೂ ಯಾರೂ ಸಿಗದ ಹೊತ್ತಿಗೆಂದು 171 ಎಂಬ ನಂಬರಿದೆ. ಅದಕ್ಕೆ ಕರೆ ಮಾಡಿ 30 ಸೆಕೆಂಡಿನೊಳಗೆ ನಾನು ಇಂಥಲ್ಲಿದ್ದೇನೆ, ಕ್ಷೇಮ ಎಂದು ಹೇಳಿಟ್ಟರೆ ಮನೆಯವರು ಬೇರೆಡೆಯಿಂದ ಕೇಳಿಸಿಕೊಳ್ಳಬಹುದು. ಅಭ್ಯಾಸಕ್ಕಾಗಿ ಪ್ರತಿ ತಿಂಗಳು 1 ಮತ್ತು 15ರಂದು ಅದನ್ನು ತೆರೆದಿಡುತ್ತಾರೆ. ಅಭ್ಯಾಸವಿರಲಿ ಎಂದು ನಾವೂ ಮಾಡುತ್ತೇವೆ. "ಎಲ್ಲಿದ್ದೀರಿ, ಕ್ಷೇಮವೇ? ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ, ಹೋದ ಸಲದ ಥರ ಬಾಡಿದ್ದು ಬೇಡ" ಎಂಬುದು ಅವಳ ಸಂದೇಶ. 30 ಸೆಕೆಂಡು ಅವಳಿಗೆ ಯಾವಾಗಲೂ ಕಡಿಮೆ ಬೀಳುತ್ತದೆ.

ಚಂಡಮಾರುತಗಳಿಗೆ ಬೇರೆ ದೇಶಗಳಲ್ಲಿ ಚೆಂದದ ಹೆಸರಿಟ್ಟರೆ ಜಪಾನಿನ ಸುದ್ದಿಗಳಲ್ಲಿ ನಂಬರು ಹಾಕುತ್ತಾರೆ. 2019ರ ಅಕ್ಟೋಬರ್ 12ರಂದು ಬಂದದ್ದು 19ನೇ ನಂಬರು, ಹೊರದೇಶದವರಿಗೆ ಹಗಿಬಿಸ್. ಬೆಳಗಿನಿಂದಲೇ ರೈಲು ನಿಲ್ಲಿಸುತ್ತೇವೆ ಎಂದು ಹಿಂದಿನ ದಿನವೇ ಹೇಳಿದ್ದರು. ಅಂಗಡಿಗಳಲ್ಲಿ ಬ್ರೆಡ್ಡಿನ ಅರೆಗಳು ಖಾಲಿ. ಅದೇ ವರ್ಷದ ಪ್ರವಾಹ ಪುಸ್ತಿಕೆಯ ಮುಖಪುಟ ಮನಸ್ಸಿನಲ್ಲಿತ್ತು. ವಾರ್ಡಿನವರು ಅರಕಾವಾ ಕಡೆಯ ಬಡಾವಣೆಗಳಿಗೆ ಸ್ಥಳ ಬಿಡುವ ಸೂಚನೆ ಕೊಟ್ಟರು, ಶಾಲೆಗಳ ಮೇಲಿನ ಮಹಡಿಗಳಲ್ಲಿ ಜನ ಚಾಪೆ ಹಾಸಿ ಕೂತರು. ನನ್ನ ಹೆಂಡತಿ ಕಿಟಕಿಯಲ್ಲಿ ನಿಂತು ಆಗುಂಬೆಯ ಆಷಾಢದ ಜೊತೆ ಇದನ್ನು ಹೋಲಿಸಿ, ಗಾಳಿಗೆ ಮಾತ್ರ ಪೂರ್ತಿ ಅಂಕ ಕೊಟ್ಟಳು. ಚಂಡಮಾರುತದ ದಿನ ಕೊರೊಕ್ಕೆ, ಅಂದರೆ ಆಲೂಗಡ್ಡೆ ಬೇಯಿಸಿ ಅರೆದು ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದದ್ದು, ತಿನ್ನಬೇಕೆಂಬ ಪದ್ಧತಿ ಇಲ್ಲಿ ಸುಮಾರು 2001ರಿಂದ ಹುಟ್ಟಿಕೊಂಡಿದೆ; ಯಾರೋ ತಮಾಷೆಗೆ ಶುರುಮಾಡಿದ್ದು ಈಗ ಅಂಗಡಿಗಳಲ್ಲಿ ಫಲಕ ಹಾಕುವವರೆಗೆ ಬಂದಿದೆ. ಮಳೆಗೆ ಬಜ್ಜಿ, ಬೋಂಡ ಎಂಬ ನಂಬಿಕೆಯಲ್ಲಿ ಬೆಳೆದ ನಮಗೆ ಪರದೇಶದಲ್ಲಿ ಇದಕ್ಕಿಂತ ಹೆಚ್ಚಿನ ಸ್ವಾಗತ ಬೇಕಿರಲಿಲ್ಲ. ಆ ರಾತ್ರಿ ಟೋಕಿಯೋದ ಉತ್ತರಕ್ಕೆ ಕಸುಕಾಬೆಯ ನೆಲದಡಿಯಲ್ಲಿ 6.3 ಕಿಲೋಮೀಟರ್ ಉದ್ದದ ಸುರಂಗ ಸಣ್ಣ ನದಿಗಳ ನೀರನ್ನೆಲ್ಲ ನುಂಗಿ, 59 ಕಂಬಗಳ ದೊಡ್ಡ ತೊಟ್ಟಿಗೆ ತುಂಬಿಸಿಕೊಂಡು, ಎದೊಗಾವಾ ನದಿಗೆ ಹಾಕುತ್ತಿತ್ತು. ನಮ್ಮ ಏರಿ ಒಡೆಯಲಿಲ್ಲ. ನಾಗಾನೊದಲ್ಲಿ ಒಡೆಯಿತು, ಬುಲೆಟ್ ರೈಲುಗಳು ಸಾಲಾಗಿ ಕೆಸರುನೀರಿನಲ್ಲಿ ನಿಂತ ಚಿತ್ರ ಮರುದಿನ ದಾವಣಗೆರೆಯವರೆಗೂ ತಲುಪಿತು. "ಅಳಿಯಾ, ಅದೀಯೇನಪಾ?"

ಭೂಮಿ ಏಕೆ ನಡುಗುತ್ತದೆ ಎಂಬ ವಿಷಯದಲ್ಲಿ ಮಾವನಿಗೂ ಹಳೆಯ ಜಪಾನಿನವರಿಗೂ ಒಳ್ಳೆಯ ಹೊಂದಾಣಿಕೆ. ಆದಿಶೇಷ ಭಾರ ತಾಳದೆ ಹೆಡೆ ಬದಲಿಸುತ್ತಾನೆ ಎನ್ನುವುದು ನಮ್ಮ ಕಡೆಯ ಮಾತು. ಇವರ ಪ್ರಕಾರ ನೆಲದಡಿ ಒಂದು ದೈತ್ಯ ಮೀನಿದೆ, ನಮಾಜು ಎಂಬ ಮೀಸೆ ಮೀನು. ಕಾಶಿಮಾದ ದೇವರು ಒಂದು ಬಂಡೆಯಿಂದ ಅದರ ತಲೆ ಒತ್ತಿ ಹಿಡಿದಿದ್ದಾನೆ. 1855ರಲ್ಲಿ ಎದೊ ನಗರ, ಅಂದರೆ ಇಂದಿನ ಟೋಕಿಯೋ, ನಡುಗಿದ್ದು ಹತ್ತನೆಯ ತಿಂಗಳಲ್ಲಿ. ಆ ತಿಂಗಳು ದೇಶದ ದೇವರುಗಳೆಲ್ಲ ಇಜುಮೊ ಕ್ಷೇತ್ರದಲ್ಲಿ ಸಭೆ ಸೇರುತ್ತಾರೆಂಬ ನಂಬಿಕೆ. ಕಾವಲಿನ ದೇವರು ರಜೆಯಲ್ಲಿದ್ದಾಗ ಮೀನು ಬಾಲ ಆಡಿಸಿತು! ಅಧಿಕಾರಿ ಮೀಟಿಂಗಿಗೆ ಹೋದ ದಿನವೇ ಕಚೇರಿಯಲ್ಲಿ ಅನಾಹುತವಾಗುವುದು ಎಲ್ಲ ದೇಶಗಳ ಅನುಭವ. ಭೂಕಂಪದ ಬೆನ್ನಲ್ಲೇ ಎದೊದ ಬೀದಿಗಳಲ್ಲಿ ಈ ಮೀನಿನ ಬಣ್ಣದ ಚಿತ್ರಗಳು ಬಿಸಿಬಿಸಿಯಾಗಿ ಮಾರಾಟವಾದವು. ಕೆಲವದರಲ್ಲಿ ಊರಿನವರು ಸೇರಿ ಮೀನಿಗೆ ಹೊಡೆಯುತ್ತಿದ್ದಾರೆ, ಬಡಗಿಗಳು ಮಾತ್ರ ಕೈಮುಗಿಯುತ್ತಿದ್ದಾರೆ. ಮನೆ ಬಿದ್ದರೆ ತಾನೆ ಅವರಿಗೆ ಕೆಲಸ? ಇವತ್ತಿಗೂ ಟೋಕಿಯೋದ ಮುಖ್ಯ ರಸ್ತೆಗಳಲ್ಲಿ, ಭೂಕಂಪವಾದರೆ ಈ ದಾರಿಯಲ್ಲಿ ಸಾಮಾನ್ಯ ವಾಹನ ಬಿಡುವುದಿಲ್ಲ ಎಂಬ ಫಲಕದ ಮೇಲೆ ಆ ಮೀನಿನ ಚಿತ್ರವಿದೆ.

ಮಾವನ ಇನ್ನೊಂದು ವಾದ ನಮ್ಮ ನೆಲದ ಗಟ್ಟಿತನದ್ದು. ಕರ್ನಾಟಕದ ಕಲ್ಲು 300 ಕೋಟಿ ವರ್ಷ ಹಳೆಯದು, ಅಲುಗುವ ಮಾತೇ ಇಲ್ಲ ಎನ್ನುತ್ತಾನೆ. ಕಲ್ಲಿನ ವಯಸ್ಸು ಸರಿ, ಲಾಲ್‌ಬಾಗಿನ ಬಂಡೆಯ ಮುಂದೆ ಫಲಕವೇ ಇದೆ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಲಾತೂರಿನ ಕಿಲ್ಲಾರಿಯಲ್ಲಿ ಮನೆಗಳು ಬಿದ್ದವು. ನಮ್ಮ ಬೀದರ್, ಕಲಬುರಗಿಯಲ್ಲೂ ಜನ ಎದ್ದು ಬೀದಿಗೆ ಬಂದರು. ಅದೂ ಅಲುಗಲಾರದೆಂದು ನಂಬಿದ್ದ ನೆಲವೇ. ಭೂಕಂಪದ ಗಾತ್ರ 6.2, ಸತ್ತವರು ಹತ್ತು ಸಾವಿರದ ಹತ್ತಿರ. ಅಷ್ಟು ಗಾತ್ರದ್ದು ಜಪಾನಿನ ಸುತ್ತ ವರ್ಷದಲ್ಲಿ ಹಲವು ಸಲ ಬರುತ್ತದೆ, ಬಹುತೇಕ ಸಲ ಮರುದಿನದ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಾಗಿ ಮುಗಿಯುತ್ತದೆ. ಅಲ್ಲಿ ಕೊಂದದ್ದು ಮಣ್ಣಿನ ಗಾರೆಯಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆಗಳು. ಬಿಸಿಲಿಗೆ ತಂಪೆಂದು, ತಲೆಮಾರುಗಳಿಗೆ ಬಾಳಲೆಂದು ಕಟ್ಟಿದ ಗೋಡೆಗಳು. ಈ ವಿಷಯ ಬಂದಾಗ ಮಾವ ವಾದ ಮುಂದುವರಿಸುವುದಿಲ್ಲ. ಅವನ ಸ್ನೇಹಿತನೊಬ್ಬ ಆಗ ಆ ಕಡೆ ಬಟ್ಟೆ ವ್ಯಾಪಾರಕ್ಕೆ ಹೋಗಿ ಬರುತ್ತಿದ್ದನಂತೆ. ಅಷ್ಟು ಹೇಳಿ ಸುಮ್ಮನಾಗುತ್ತಾನೆ.

2025ರ ಬೇಸಿಗೆಯಲ್ಲಿ ಮಾವನ ಫೋನು ಹೆಚ್ಚಾಯಿತು. ತತ್ಸುಕಿ ರಿಯೊ ಎಂಬ ಕಾಮಿಕ್ಸ್ ಕಲಾವಿದೆ ತಮ್ಮ ಕನಸುಗಳನ್ನು ಬರೆದ ಪುಸ್ತಕ 1999ರಲ್ಲಿ ಬಂದಿತ್ತು. ಅದರ ಮುಖಪುಟದಲ್ಲಿ ದೊಡ್ಡ ಅನಾಹುತ 2011ರ ಮಾರ್ಚ್‌ನಲ್ಲಿ ಎಂದಿದ್ದದ್ದು, ಅದೇ ತಿಂಗಳು ಆ ಮಹಾ ಸುನಾಮಿ ಬಂದ ಮೇಲೆ ಪ್ರಸಿದ್ಧವಾಯಿತು. 2021ರ ಮರುಮುದ್ರಣದಲ್ಲಿ 2025ರ ಜುಲೈ ಎಂದಿತ್ತು. ಜುಲೈ 5ಕ್ಕೆ ಜಪಾನ್ ಮುಗಿಯಿತು ಎಂದು ಗಾಳಿಸುದ್ದಿ ಹಬ್ಬಿ, ಪ್ರಯಾಣಿಕರಿಲ್ಲದೆ ಹಾಂಗ್‌ಕಾಂಗ್‌ನಿಂದ ಬರುವ ಕೆಲವು ವಿಮಾನಗಳೇ ನಿಂತವು. ದಿನ, ಜಾಗ, ಗಾತ್ರ ಹೇಳಿ ಭೂಕಂಪವನ್ನು ಮುಂದಾಗಿ ತಿಳಿಸುವ ವಿದ್ಯೆ ಇನ್ನೂ ಇಲ್ಲ, ನಂಬಬೇಡಿ ಎಂದು ಹವಾಮಾನ ಸಂಸ್ಥೆಯ ಮುಖ್ಯಸ್ಥರು ಹೇಳಬೇಕಾಯಿತು. ನಮ್ಮ ಟಿವಿ ಜ್ಯೋತಿಷಿಗಳ ನಡುವೆ ಬೆಳೆದ ಮಾವನಿಗೆ ಹವಾಮಾನ ಸಂಸ್ಥೆ ಯಾವ ಲೆಕ್ಕ? ಜುಲೈ 5 ಬಂತು, ಹೋಯಿತು, ಆ ದಿನ ಸೆಕೆ ಬಹಳವಿತ್ತು. ಆದರೆ ಜುಲೈ 30ರಂದು ರಷ್ಯಾದ ಕಮ್ಚಟ್ಕಾದ ಕಡಲಿನಲ್ಲಿ 8.8ರ ಭೂಕಂಪವಾಗಿ, ಜಪಾನಿನ ಪೂರ್ವ ತೀರಕ್ಕೆಲ್ಲ ಸುನಾಮಿ ಎಚ್ಚರಿಕೆ ಬಂತು. ಲಕ್ಷಾಂತರ ಜನರಿಗೆ ಎತ್ತರದ ಜಾಗ ಸೇರಲು ಹೇಳಿದರು; ಕುಜಿ ಬಂದರಿನಲ್ಲಿ 1.3 ಮೀಟರಿನ ಅಲೆ ದಾಖಲಾಯಿತು. ಮಾವ ಗೆದ್ದ ದನಿಯಲ್ಲಿ ಹೇಳಿದ: "ನೋಡಿದಿಯಾ? ತಾರೀಖು ಒಂಚೂರು ಆ ಕಡೆ ಈ ಕಡೆ ಆಗೇತಿ, ಅಷ್ಟೇ." ಮದುವೆ ಮುಹೂರ್ತಕ್ಕೆ ಐದು ನಿಮಿಷ ತಡವಾದರೆ ಸಿಡಿಮಿಡಿಗುಟ್ಟುವ ಮನುಷ್ಯ ಪ್ರಳಯಕ್ಕೆ 25 ದಿನ ರಿಯಾಯಿತಿ ಕೊಟ್ಟಿದ್ದ.

ಆ ವರ್ಷದ ಶರತ್ಕಾಲದಲ್ಲಿ ಅವನು ನಮ್ಮಲ್ಲಿಗೆ ಬಂದ. ಅತ್ತೆ ಬರಲು ಒಪ್ಪಲಿಲ್ಲ. ವಿಮಾನ ನಿಲ್ದಾಣದಲ್ಲೇ ಅವನ ಕಣ್ಣು ಮೇಲ್ಛಾವಣಿಯ ಮೇಲಿತ್ತು. ಮನೆಗೆ ಬಂದು ಆಪತ್ತಿನ ಚೀಲ ಬಿಚ್ಚಿ ನೋಡಿದ, ಚಟ್ನಿಪುಡಿ ರುಚಿ ನೋಡಿ ಖಾರ ಸಾಲದೆಂದ, ಮೊದಲ ರಾತ್ರಿ ಶೂ ಹಾಕಿಕೊಂಡೇ ಮಲಗಿದ. ಆದರೆ ಜಪಾನ್ ಅವನಿಗೆ ಸಹಕರಿಸಲಿಲ್ಲ. ಅವನಿದ್ದಷ್ಟು ದಿನ ಅವನಿಗೆ ಗೊತ್ತಾಗುವಂತೆ ನೆಲ ಒಮ್ಮೆಯೂ ಅಲುಗಲಿಲ್ಲ. ಒಂದೇ ಒಂದು ಸಲ ಬೆಳಗಿನ ಜಾವ ಒಂದು ಬಂದಿತ್ತು, ಆಗ ಅವನ ಗೊರಕೆಯ ಮಟ್ಟ ಅದಕ್ಕಿಂತ ಮೇಲಿತ್ತು. ದಿನ ಕಳೆದಂತೆ ಭಯ ಹೋಗಿ ಬೇಸರ ಬಂತು, ಬೇಸರ ಹೋಗಿ ಅಸಮಾಧಾನ. ಇಷ್ಟು ದುಡ್ಡು ಖರ್ಚು ಮಾಡಿ ಬಂದಿದ್ದೇನೆ, ಊರಿಗೆ ಹೋಗಿ ಏನು ಹೇಳಲಿ ಎಂಬ ಚಿಂತೆ ಅವನದು.

ಅದಕ್ಕೇ ಅವನನ್ನು ಹೊಂಜೊ ಬೊಸಾಯ್‌ಕಾನ್‌ಗೆ ಕರೆದುಕೊಂಡು ಹೋದೆ. ಸುಮಿದಾ ವಾರ್ಡಿನಲ್ಲಿ ಟೋಕಿಯೋ ಅಗ್ನಿಶಾಮಕದವರು ನಡೆಸುವ ತರಬೇತಿ ಕೇಂದ್ರ ಅದು, ಪ್ರವೇಶ ಉಚಿತ. ಅಲ್ಲಿ ಹೊಗೆ ತುಂಬಿದ ಓಣಿಯಲ್ಲಿ ಬಗ್ಗಿ ನಡೆಯುವುದನ್ನು, ಬೆಂಕಿ ಆರಿಸುವುದನ್ನು, ಬಿರುಗಾಳಿ ಮಳೆಯಲ್ಲಿ ನಿಲ್ಲುವುದನ್ನು ಮಾಡಿಸಿ ಕಲಿಸುತ್ತಾರೆ. ಬೆಂಕಿಯ ಪಾಠದಲ್ಲಿ ಸಿಲಿಂಡರ್ ಎತ್ತಿಕೊಳ್ಳುವ ಮೊದಲು ಸುತ್ತಲಿನವರಿಗೆ ಕೇಳುವಂತೆ ಕೂಗಬೇಕು. ಜಪಾನಿನವರು ಸಂಕೋಚದಿಂದ ಕೂಗುತ್ತಾರೆ. ಮಾವ "ಬೆಂಕಿ ಬಿತ್ತೋ!" ಎಂದು ಕೂಗಿದ್ದಕ್ಕೆ ಪಕ್ಕದ ಕೋಣೆಯ ತಂಡ ಪಾಠ ನಿಲ್ಲಿಸಿ ಬಂದು ನೋಡಿತು; ಬೋಧಕರು ಇವತ್ತಿನ ದಿನದಲ್ಲಿ ಇದೇ ಸರಿಯಾದ ಕ್ರಮ ಎಂದು ಹೊಗಳಿದರು. ಆಮೇಲೆ ಭೂಕಂಪದ ಕೋಣೆ. ಅಡಿಯಲ್ಲಿ ಯಂತ್ರ, ಮೇಲೆ ಮೇಜು. ಮಾವ ಮೇಜಿನ ಕೆಳಗೆ ಕೂತು, ಪಂಚೆಯ ಬದಲು ಪ್ಯಾಂಟು ಹಾಕಿಸಿದ್ದಕ್ಕೆ ನನಗೆ ಧನ್ಯವಾದ ಹೇಳಿ, ಮೇಜಿನ ಕಾಲನ್ನು ತಬ್ಬಿಕೊಂಡ. ಶುರುವಾಯಿತು. ಏಳರ ಮಟ್ಟ ಎಂದರೆ ನಿಲ್ಲುವುದಿರಲಿ, ಕೂತವರೂ ತಮ್ಮಿಚ್ಛೆಯಂತೆ ಅಲುಗಲಾರರು. ಮುಗಿದು ಹೊರಬಂದಾಗ ಅವನ ಮುಖದಲ್ಲಿ ಬಣ್ಣವಿರಲಿಲ್ಲ. ಬೆಂಚಿನ ಮೇಲೆ ಕೂತು ನೀರು ಕುಡಿದು, ಬಹಳ ಹೊತ್ತಾದ ಮೇಲೆ, "ಕಿಲ್ಲಾರಿಯೋರಿಗೆ ಮೇಜೂ ಇರ್ಲಿಲ್ಲ" ಎಂದ.

ಅವನು ಊರಿಗೆ ಮರಳಿದ ಮೇಲೆ ಅಮ್ಮನ ಫೋನು ಬಂತು. ದನಿಯಲ್ಲಿ ಸಿಟ್ಟಿತ್ತು. "ಅಷ್ಟು ದೊಡ್ಡ ಭೂಕಂಪ ಆಗಿದೆ, ಏಳಂತೆ! ನಿನ್ನ ಮಾವ ಟೇಬಲ್ ಕೆಳಗೆ ಕೂತು ಉಳಕೊಂಡು ಬಂದಿದಾನೆ, ನೀನು ಹೆತ್ತ ತಾಯಿಗೆ ಒಂದು ಮಾತು ಹೇಳ್ಬಾರ್ದಾ? ದೋಸೆ ಹೋಟೆಲಲ್ಲಿ ಎಲ್ಲರಿಗೂ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ." ಯಂತ್ರದ ವಿಷಯ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು: "ಬಂದೋನೇ ಬಡಗಿನ್ನ ಕರೆಸಿ ಬೀರು, ಕಪಾಟು, ದೇವರ ಮಂಟಪ ಎಲ್ಲಾನೂ ಗೋಡೆಗೆ ಕಬ್ಬಿಣದ ಪಟ್ಟಿ ಹಾಕಿ ಬಿಗಿಸಿದಾನೆ. ಹೋದ ವರ್ಷ ಬಣ್ಣ ಹೊಡೆಸಿದ ಗೋಡೆ, ತುಂಬಾ ತೂತು. ನಿನ್ನತ್ತೆ ಮೂರು ದಿನದಿಂದ ಮಾತಾಡ್ತಾ ಇಲ್ಲ. ಈಗ ನಮ್ಮನೆ ಬೀರುವಿಗೂ ಬರ್ತೀನಿ ಅಂದಿದಾನೆ, ಏನು ಮಾಡ್ಲಿ?"

ಬರಲಿ ಬಿಡಮ್ಮ ಎಂದೆ.